ನಲ್ಲಿಯ ಕೊನೇ ಮನೆ

ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ ದೊಡ್ಡದೊಂದು ಹಳೇ ಕೆರೆ ಇದೆ. ಇದೇ ತಾಲ್ಲೂಕಿನ ಮಾರಿಕಣಿವೆಯಲ್ಲಿ ಮೈಸೂರು ಅರಸರು 1907ರಲ್ಲಿ ವೇದಾವತಿಗೆ ಅಣೆಕಟ್ಟು ಕಟ್ಟಿ ಮುಗಿಸಿದರು. 1933ರಲ್ಲಿ ಕೋಡಿ ಬಿದ್ದ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇದು ಬರದ ಸೀಮೆ. ಇಲ್ಲಿ ನೀರಿನ ಚರಿತ್ರೆ ಅಂದರೆ ಕಟ್ಟೆ ಕಟ್ಟಿಸಿದವರ ಚರಿತ್ರೆ ಮಾತ್ರ ಅಲ್ಲ. ಯಾರ ಕೊಡ ಮೊದಲು ತುಂಬಿತು, ಯಾರ ಕೊಡ ಕಾಯುತ್ತಾ ಕೂತಿತು ಎಂಬ ಚರಿತ್ರೆ.

ಹಳೇ ಮೈಸೂರಿನ ಊರುಗಳಲ್ಲಿ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಬಹಳ ಕಡೆ ನಮ್ಮವನೇ. ಊರ ಬೆಳೆಗೆಲ್ಲ ನೀರುಣಿಸಿದವನು ಊರ ಬಾವಿಗೆ ಹಗ್ಗ ಇಳಿಸುವಂತಿರಲಿಲ್ಲ. ಅವನ ಹೆಂಡತಿ ದೂರ ನಿಂತು, ಯಾರಾದರೂ ಮೇಲಿಂದ ಹುಯ್ದರೆ ಹಿಡಿದುಕೊಳ್ಳಬೇಕಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಕುಡಿದದ್ದು ಬರೀ ಬಾಯಾರಿಕೆಗಲ್ಲ. ಮುಂದೆ ಸಂವಿಧಾನದ 15ನೇ ವಿಧಿ ಸಾರ್ವಜನಿಕ ಬಾವಿ ಕೆರೆಗಳನ್ನು ಎಲ್ಲರಿಗೂ ತೆರೆಯಿತು. ಕಾನೂನು ಬಂತು, ಹಗ್ಗ ಕೈಗೆ ಬರಲಿಲ್ಲ.

1972-73ರಲ್ಲಿ ಕೇಂದ್ರ ಸರ್ಕಾರ ಹಳ್ಳಿ ನೀರಿಗೆಂದೇ ಯೋಜನೆ ತಂತು. ಲೆಕ್ಕ ಹೀಗಿತ್ತು: ತಲೆಗೆ 40 ಲೀಟರ್, 250 ಜನಕ್ಕೊಂದು ಬೋರು. 1983ರ ನಂತರ ಮಂತ್ರಿ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೆ ಬೋರು ಹಾಕಿಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದರು. ಕೇರಿಗೆ ಬೋರು ಬಂದ ಕಡೆ ನಮ್ಮ ಹೆಂಗಸರು ಯಾರ ಕೈಯನ್ನೂ ಕಾಯದೆ ನೀರು ಹೊಡೆದುಕೊಂಡರು. ಇದು ಸಣ್ಣ ಮಾತಲ್ಲ. ಆದರೆ ಕೇರಿಗೇ ಬೇರೆ ಬೋರು ಅಂದಮೇಲೆ ಊರ ಬಾವಿಯ ಮೈಲಿಗೆ ಪ್ರಶ್ನೆ ಹಾಗೇ ಉಳಿಯಿತು. ಮೇಲೆ, ಈ ಜಿಲ್ಲೆಯ ಎಷ್ಟೋ ಬೋರುಗಳಲ್ಲಿ ನೀರಿನ ಜೊತೆ ಫ್ಲೋರೈಡೂ ಬಂತು. ಮಕ್ಕಳ ಹಲ್ಲು ಕಂದಿತು.

2019ರ ಆಗಸ್ಟ್ 15ರಂದು ಜಲಜೀವನ ಮಿಷನ್ ಘೋಷಣೆಯಾಯಿತು. ಮನೆಗೊಂದು ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್. ಆಗ ದೇಶದ ಹಳ್ಳಿಗಳಲ್ಲಿ ನಲ್ಲಿ ಇದ್ದದ್ದು 3.23 ಕೋಟಿ ಮನೆಗೆ, ಅಂದರೆ ನೂರಕ್ಕೆ 17ಕ್ಕೆ. ನಮ್ಮ ರಾಜ್ಯದಲ್ಲಿ ಇದಕ್ಕೆ 'ಮನೆ ಮನೆಗೆ ಗಂಗೆ' ಎಂದು ಹೆಸರಿಟ್ಟರು. ನಲ್ಲಿ ಅಂಗಳಕ್ಕೇ ಬಂದರೆ ಬಾವಿಕಟ್ಟೆಯ ಜಾತಿ ಎಲ್ಲಿ ನಿಲ್ಲುತ್ತೆ? ಪೈಪಿಗೆ ಜಾತಿ ಇಲ್ಲ, ನಿಜ. ಆದರೆ ಪೈಪಿಗೆ ಕೊನೆ ಇದೆ. ಕೇರಿ ಆ ಕೊನೆಯಲ್ಲಿದ್ದರೆ, ಮುಂದಿನ ಮನೆಯವರು ಮೋಟಾರು ಹಾಕಿ ಎಳೆದಾಗ ಕೊನೇ ನಲ್ಲಿ ಗಾಳಿ ಉಗುಳುತ್ತೆ. ಹಳ್ಳಿಯ ಮಾತು ಬಿಡಿ: 2023ರ ಆಗಸ್ಟಿನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ನಲ್ಲಿ ಇದ್ದೂ ಸತ್ತರು.

ಗೆಳೆಯರೇ, ಯೋಜನೆಯ ನಿಯಮದಂತೆ ಹಳ್ಳಿಯ ನೀರು ಸಮಿತಿಯಲ್ಲಿ ಅರ್ಧ ಹೆಂಗಸರು, ಕಾಲುಭಾಗ ದುರ್ಬಲ ವರ್ಗದವರು ಇರಬೇಕು. ನಿಮ್ಮೂರಲ್ಲಿ ಆ ಹೆಸರುಗಳು ಯಾರವು? ವಾಲ್ವು ತಿರುಗಿಸುವ ಕೈ ಯಾರದು? ಕೇಳೋಣ. ಸರ್ಕಾರ ನಲ್ಲಿ ಎಣಿಸಲಿ. ನಾವು ಕೊನೇ ಮನೆಯಲ್ಲಿ ತುಂಬಿದ ಕೊಡ ಎಣಿಸೋಣ.