ಅರಣ್ಯ ಪ್ರವೇಶ ಶುಲ್ಕ (ಕರ್ನಾಟಕ)

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಪಕ್ಷಿಧಾಮ, ಚಾರಣದ ಕಾಡುದಾರಿ ಇವುಗಳನ್ನು ನೋಡಬಂದವರಿಂದ ಸರ್ಕಾರ ಪಡೆಯುವ ಹಣ. ಗೇಟಿನ ಟಿಕೆಟ್, ಸಫಾರಿ ದರ, ದೋಣಿ ವಿಹಾರದ ದರ, ಕ್ಯಾಮೆರಾ ಶುಲ್ಕ ಎಲ್ಲವನ್ನೂ ರೂಢಿಯಲ್ಲಿ ಇದೇ ಹೆಸರಿನಿಂದ ಕರೆಯುತ್ತಾರೆ. ನೋಡಲು ಸಿನಿಮಾ ಟಿಕೆಟಿನಂತಿದ್ದರೂ ಕಾನೂನಿನ ಲೆಕ್ಕದಲ್ಲಿ ಈ ಚೀಟಿ ಒಂದು ಪರವಾನಗಿ.

ಪರವಾನಗಿಯ ಮೂಲ ಶಿಕಾರಿಯಲ್ಲಿದೆ. ಮೈಸೂರು ಸಂಸ್ಥಾನ 1901ರ ನಿಬಂಧನೆಯಿಂದ ಬೇಟೆಯನ್ನೂ ಮೀನು ಹಿಡಿಯುವುದನ್ನೂ ಕಟ್ಟುಪಾಡಿಗೆ ತಂದಿತು. ಆಗ ಅನುಮತಿ ಬೇಕಿದ್ದದ್ದು ಕಾಡು ನೋಡುವವನಿಗಲ್ಲ, ಬಂದೂಕು ಹಿಡಿದವನಿಗೆ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮರುವರ್ಷ ಬಂಡೀಪುರದ ಸುತ್ತ ವೇಣುಗೋಪಾಲ ವನ್ಯಜೀವಿ ಉದ್ಯಾನ ರೂಪುಗೊಂಡಿತು.

ಇಂದಿನ ಶುಲ್ಕಕ್ಕೆ ಆಧಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ 27ನೇ ಕಲಮು ಅಭಯಾರಣ್ಯಕ್ಕೆ ಕಾಲಿಡುವುದನ್ನೇ ನಿರ್ಬಂಧಿಸುತ್ತದೆ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಆಸ್ತಿಯ ಹಕ್ಕುಳ್ಳವರು, ಹೆದ್ದಾರಿಯಲ್ಲಿ ಹಾದುಹೋಗುವವರು ಮುಂತಾದವರಿಗೆ ಮಾತ್ರ ವಿನಾಯಿತಿ. ಉಳಿದವರು 28ನೇ ಕಲಮಿನಂತೆ ಅನುಮತಿ ಪಡೆಯಬೇಕು: ಸಂಶೋಧನೆಗೆ, ಛಾಯಾಗ್ರಹಣಕ್ಕೆ, ಪ್ರವಾಸಕ್ಕೆ. ನಿಗದಿಯಾದ ಶುಲ್ಕ ಕಟ್ಟಬೇಕೆಂಬ ಮಾತು ಬರುವುದೂ ಅಲ್ಲಿಯೇ. ದೇಶೀಯರಿಗೊಂದು ದರ, ವಿದೇಶೀಯರಿಗೊಂದು ದರ ಎಂಬ ವಿಂಗಡಣೆ ಆಮೇಲೆ ಬೆಳೆಯಿತು. ರಂಗನತಿಟ್ಟಿನಲ್ಲಿ ಲೆನ್ಸಿನ ಉದ್ದ ನೋಡಿ ಹಣ ಕೇಳುವ ಪದ್ಧತಿ ಬಂದದ್ದಂತೂ ಹವ್ಯಾಸಿ ಛಾಯಾಗ್ರಾಹಕರ ನಡುವೆ ಸಾಕಷ್ಟು ಗೊಣಗಾಟಕ್ಕೆ ಕಾರಣವಾಯಿತು.

ಕಾಡಿನ ನೋಟವನ್ನು ದುಬಾರಿಯಾಗಿಯೂ ಮಾರಬಹುದೆಂದು ತೋರಿಸಿದ್ದು 1980ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್. ಮಹಾರಾಜರ ಕಾಲದ ಬೇಟೆಬಂಗಲೆಗಳಿದ್ದ ಕಬಿನಿ ಕಾರಾಪುರವೇ ಅದರ ಮೊದಲ ನೆಲೆ.

ದರಕ್ಕಿಂತ ದೊಡ್ಡ ಪ್ರಶ್ನೆ, ಬಂದ ಹಣ ಯಾರ ಕೈ ಸೇರುತ್ತದೆ ಎಂಬುದು. ಬಹುಕಾಲ ಅದು ನೇರ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು. ಹುಲಿ ನೋಡಲು ಕೊಟ್ಟ ಹಣ ಹುಲಿಯ ಕಾಡಿಗೇ ಮರಳುವ ಖಾತ್ರಿ ಇರಲಿಲ್ಲ. ಕಾಯ್ದೆಗೆ 2006ರಲ್ಲಿ ಬಂದ ತಿದ್ದುಪಡಿ ಪ್ರತಿ ರಾಜ್ಯವೂ ಹುಲಿ ಮೀಸಲು ಪ್ರದೇಶಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನ ರಚಿಸಬೇಕೆಂದಿತು. ಗೇಟಿನ ಆದಾಯ ಅಲ್ಲಿಯೇ ಉಳಿದು ಕಾವಲಿಗೆ, ಕಾಡಂಚಿನ ಹಳ್ಳಿಗಳಿಗೆ ಖರ್ಚಾಗಬೇಕೆಂಬುದು ಆಶಯ. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲಿನ ಒಡಲಲ್ಲಿ ಪ್ರವಾಸೋದ್ಯಮವನ್ನೇ ನಿಲ್ಲಿಸಿ, ಹೊಸ ಮಾರ್ಗಸೂಚಿಗಳು ಬಂದ ಮೇಲೆ ಅಕ್ಟೋಬರಿನಲ್ಲಿ ತಡೆ ತೆರವು ಮಾಡಿತು. ಸುತ್ತಲಿನ ವಸತಿಗೃಹಗಳಿಂದಲೂ ಸಂರಕ್ಷಣಾ ಶುಲ್ಕ ಪಡೆಯಬೇಕೆಂದು ಆ ಮಾರ್ಗಸೂಚಿಗಳು ಹೇಳಿದವು.

ಗೇಟಿನ ಹಣವನ್ನೇ ನೆಚ್ಚಿದರೆ ಏನಾಗುತ್ತದೆಂಬುದಕ್ಕೆ 1892ರಲ್ಲಿ ಸ್ಥಾಪನೆಯಾದ ಮೈಸೂರು ಮೃಗಾಲಯ ಸಾಕ್ಷಿ. ಅದು ಅರಣ್ಯವಲ್ಲ, ಆದರೂ ಪಾಠ ಇಲ್ಲಿಗೂ ಸಲ್ಲುತ್ತದೆ: ಕೋವಿಡ್‌ನಿಂದ 2020ರಲ್ಲಿ ಬಾಗಿಲು ಮುಚ್ಚಿದಾಗ ಪ್ರಾಣಿಗಳ ಮೇವಿಗೆ ದಾನಿಗಳ ಮೊರೆ ಹೋಗಬೇಕಾಯಿತು.

ಚಾರಣದಾರಿಗಳಲ್ಲಿ ಶುಲ್ಕಕ್ಕೆ ಬೇರೆಯೇ ಕೆಲಸವಿದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಜನ ಮುಗಿಬಿದ್ದ ಮೇಲೆ, ಆನ್‌ಲೈನ್ ಕಾಯ್ದಿರಿಸುವ ವ್ಯವಸ್ಥೆ ಇಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅಲ್ಲಿಂದೀಚೆಗೆ ಚೀಟಿಯ ಬೆಲೆಗಿಂತ ದಿನಕ್ಕೆ ಎಷ್ಟು ಚೀಟಿ ಎಂಬ ಮಿತಿಯೇ ಮುಖ್ಯವಾಗಿದೆ.

ಕೋಲಾರ ಸೀಮೆಯ ಬೆಟ್ಟಗಳಲ್ಲಿ ಈ ಲೆಕ್ಕ ಅಷ್ಟು ಸಲೀಸಲ್ಲ. ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ತಾಮ್ರಶಾಸನದಿಂದ ಹೆಸರಾದ ವಕ್ಕಲೇರಿಯ ಬಳಿಯ ಮಾರ್ಕಂಡೇಶ್ವರ ಬೆಟ್ಟಕ್ಕಾಗಲಿ, ಕೋಲಾರದ ಅಂತರಗಂಗೆಗಾಗಲಿ ಜನ ಹತ್ತುತ್ತಿದ್ದದ್ದು ದೇವರಿಗಾಗಿ. ಬೆಂಗಳೂರಿನಿಂದ ಗುಹೆ ನುಸುಳಲು, ರಾತ್ರಿ ಚಾರಣ ಮಾಡಲು ಬರುವವರು ಹೆಚ್ಚಿದ ಮೇಲೆ ಅಂತರಗಂಗೆಯೂ ಪರಿಸರ ಪ್ರವಾಸದ ಶುಲ್ಕಸಹಿತ ಚಾರಣಗಳ ಪಟ್ಟಿಗೆ ಸೇರಿತು. ಒಂದೇ ಬೆಟ್ಟಕ್ಕೆ ಹೀಗೆ ಎರಡು ಬಗೆಯ ಜನ: ಬಸವನ ಬಾಯಿಂದ ಬೀಳುವ ನೀರಿಗೆ ಕೈಯೊಡ್ಡಲು ಬರುವ ಭಕ್ತರು ಒಂದು ಕಡೆ, ಹಣ ಕಟ್ಟಿ ಬರುವ ಚಾರಣಿಗರು ಇನ್ನೊಂದು ಕಡೆ. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ವಾಹನ ತಡೆದು ಸರ್ಕಾರಿ ಬಸ್ಸಿನಲ್ಲೇ ಎಲ್ಲರನ್ನೂ ಕರೆದೊಯ್ಯುತ್ತಾರೆ. ಭಕ್ತ ಯಾರು, ಪ್ರವಾಸಿ ಯಾರು ಎಂದು ವಿಂಗಡಿಸುವ ತಲೆನೋವು ಅಲ್ಲಿ ಕಡಿಮೆ.

ಕೋಲಾರ ಜಿಲ್ಲೆಯ ವನ್ಯಜೀವಿಧಾಮದ ಪರಿಸ್ಥಿತಿ ಇನ್ನೂ ಕಠಿಣ. ಕಾಯ್ದೆ ಅದಕ್ಕೂ ಅದೇ, ಆದರೆ ಅಲ್ಲಿ ಹುಲಿಯೂ ಇಲ್ಲ, ಬಂಡೀಪುರದಂಥ ಸಫಾರಿ ವಹಿವಾಟೂ ಇಲ್ಲ. ಹುಲಿ ಮೀಸಲಲ್ಲವಾದ್ದರಿಂದ 2006ರ ಪ್ರತಿಷ್ಠಾನದ ಅನುಕೂಲವೂ ದಕ್ಕದು. ಗಡಿ ದಾಟಿ ಬರುವ ಆನೆಗಳು ತುಳಿದ ಬೆಳೆಗೆ ಕೊಡುವ ಪರಿಹಾರ ಬೊಕ್ಕಸದಿಂದಲೇ ಬರಬೇಕು.