ಫೋಟೋದಾಗ ನಿಂತ ಗ್ವಾಡಿ

ಡ್ಯಾಶ್‌ಬೋರ್ಡ್ ಮಾಡೋದು ನನ್ನ ಕೆಲಸ. ಹಸಿರು ಬಂದರೆ ಎಲ್ಲಾ ಸರಿ ಅಂತ ನಂಬ್ತೀವಿ. ನಮ್ಮ ಕುಬಿಹಾಳದ ಕಡೆಯ ಮಣ್ಣಿನ ಮನೆಗಳಿಗೆ ಆ ನಂಬಿಕೆ ಸಾಲೋದಿಲ್ಲ.

ಇಂದಿರಾ ಆವಾಸ್ ಯೋಜನೆ ಬಂದಿದ್ದು 1985ರಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆ ಫಲಾನುಭವಿಗಳನ್ನು ಆರಿಸುವ ಕೆಲಸವನ್ನು ಗ್ರಾಮಸಭೆಗೆ ಕೊಟ್ಟಿತು. ಯಾರಿಗೆ ಸೂರಿಲ್ಲ ಅನ್ನೋದು ಊರಿಗೇ ಗೊತ್ತಲ್ಲ! 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಶುರುವಾಯ್ತು. 2016ರ ಪ್ರಧಾನಮಂತ್ರಿ ಆವಾಸ್ ಯೋಜನೆ ಬರುವ ಹೊತ್ತಿಗೆ ತಳಪಾಯದಿಂದ ಚಾವಣಿವರೆಗೆ ಹಂತ ಹಂತಕ್ಕೂ ಜಿಪಿಎಸ್ ಫೋಟೋ. ಫೋಟೋ ಒಪ್ಪಿಗೆಯಾದರೆ ಕಂತಿನ ಹಣ ನೇರ ಖಾತೆಗೆ. ಕಟ್ಟದ ಮನೆಗೆ ಬಿಲ್ ತೆಗೆಯೋದು ಕಷ್ಟವಾಯ್ತು. ಇದು ಸಣ್ಣ ಲಾಭವಲ್ಲ.

2019ರ ಆಗಸ್ಟ್‌ನಲ್ಲಿ ದೊಡ್ಡ ಮಳೆ. ಹಾನಿಯಾದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಎ ಆದರೆ 5 ಲಕ್ಷ, ಸಿ ಆದರೆ 50 ಸಾವಿರ. ನಮ್ಮ ಚಿಗವ್ವನ ಮನೆಗೆ ಸಿ ಬಂತು. ನೆನೆದ ಮಣ್ಣಿನ ಗೋಡೆ ಮಳೆಯಲ್ಲೇ ಬೀಳಬೇಕೆಂದಿಲ್ಲ. ಬಿಸಿಲಿಗೆ ಒಣಗುವಾಗ ಬಿರುಕು ಬಿಟ್ಟು ಕುಸಿಯುತ್ತೆ. ಅವಳ ಗೋಡೆ ಸರ್ವೆ ಮುಗಿದ ಮೇಲೆ ಬಿತ್ತು.

“ಫೋಟೋದಾಗ ಗ್ವಾಡಿ ನಿಂತೈತಲ್ಲೋ ತಮ್ಮಾ” ಅಂದಳು.

ಫೋಟೋ ಸುಳ್ಳಲ್ಲ, ಹಳೆಯದು ಅಷ್ಟೇ. ಅದಾದ ಮೇಲೆ ಏನಾಯ್ತು ಅಂತ ಹೇಳೋಕೆ ಆ್ಯಪ್‌ನಲ್ಲಿ ಜಾಗವಿರಲಿಲ್ಲ, ಗ್ರಾಮಸಭೆಯಲ್ಲಿತ್ತು. ಓಣಿಯ ನಾಲ್ಕು ಮಂದಿ ಎದ್ದು ನಿಂತು ಹೇಳಿದ ಮೇಲೆ ಮುಂದಿನ ವಸತಿ ಪಟ್ಟಿಗೆ ಅವಳ ಹೆಸರು ಸೇರಿತು. ಆ ನಾಲ್ವರಲ್ಲಿ ನಾನಿರಲಿಲ್ಲ. ಜಾತ್ರೆಗೆ ರಜೆ ಹಾಕುವ ನಾವು ಗ್ರಾಮಸಭೆಗೂ ಒಂದು ದಿನ ಹಾಕಬಹುದು.