ಪಾಪನಿವೇದನೆಯೂ ಮಾನವ ಸ್ವಾತಂತ್ರ್ಯವೂ

ನಮ್ಮ ದೇವಾಲಯದ ಶತಮಾನೋತ್ಸವ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಗೋಪುರ, ಗಂಟೆ, ಬಲಿಪೀಠಗಳ ಚರಿತ್ರೆಯನ್ನು ಇತರರು ಬರೆಯುವರೆಂದು ತಿಳಿದು, ಪಕ್ಕದ ಬಾಗಿಲ ಬಳಿಯಿರುವ ಪಾಪನಿವೇದನಾ ಪೀಠದತ್ತ ನಮ್ಮ ಮನಸ್ಸು ಹರಿಯಿತು. ಜ್ಞಾನಸ್ನಾನ, ವಿವಾಹ, ಮರಣ ಇವೆಲ್ಲಕ್ಕೂ ರಿಜಿಸ್ಟರುಗಳುಂಟು. ನೂರು ವರ್ಷ ಆ ಮರದ ಜಾಲರಿಯ ಬಳಿ ನಡೆದುದಕ್ಕೆ ಮಾತ್ರ ಯಾವ ದಾಖಲೆಯೂ ಇಲ್ಲ, ಇರಲೂ ಕೂಡದು. ಆದರೆ ಆ ಸಂಸ್ಕಾರಕ್ಕೆ ತನ್ನದೇ ಆದ ಚರಿತ್ರೆಯಿದೆ. "ಎಲ್ಲ ವಿಧಿ ಮಾಡಿಸಿದ್ದು, ನಮ್ಮದೇನಿದೆ ಸ್ವಾಮಿ?" ಎಂದು ಕೇಳುವವರು ನಮ್ಮಲ್ಲಿ ಇಂದಿಗೂ ಇರುವುದರಿಂದ, ಆ ಚರಿತ್ರೆಯ ಒಂದೆರಡು ಪುಟಗಳನ್ನು ತಿರುವಿ ನೋಡುವುದು ಉಚಿತ.

ಕ್ರಿ.ಶ. 250. ರೋಮ್ ಸಾಮ್ರಾಜ್ಯದ ಪ್ರಜೆಗಳು ದೇವತೆಗಳಿಗೆ ಬಲಿಯರ್ಪಿಸಿ ಅದಕ್ಕೆ ಪ್ರಮಾಣಪತ್ರ ಪಡೆಯಬೇಕೆಂದು ಚಕ್ರವರ್ತಿ ಡೇಸಿಯುಸನು ಆಜ್ಞೆ ಹೊರಡಿಸಿದನು. ಅಂತಹ ನಲವತ್ತಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ದೊರೆತಿವೆ. ಪಾನವನ್ನು ಸುರಿದೆ, ಬಲಿಯ ಮಾಂಸವನ್ನು ರುಚಿ ನೋಡಿದೆ ಎಂಬ ಹೇಳಿಕೆ, ಕೆಳಗೆ ಅಧಿಕಾರಿಗಳ ಸಾಕ್ಷಿ. ಇಂದಿನ ಸರ್ಕಾರಿ ಅರ್ಜಿಯಂತೆಯೇ! ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಧರ್ಮಾಧ್ಯಕ್ಷರಾಗಿದ್ದ ಸಂತ ಸಿಪ್ರಿಯನರು ಅಂದಿನ ದೃಶ್ಯವನ್ನು ದುಃಖದಿಂದ ಬರೆದಿಟ್ಟಿದ್ದಾರೆ. ಯಾರೂ ಎಳೆದು ತರದಿದ್ದರೂ ಅನೇಕ ಕ್ರೈಸ್ತರು ತಾವಾಗಿಯೇ ಓಡಿಬಂದರಂತೆ. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೂ ಇಂದೇ ಮುಗಿಸಿಕೊಡಿರೆಂದು ಅಂಗಲಾಚಿದರಂತೆ. ಕೆಲವರು ಬಲಿಯರ್ಪಿಸದೆ ಹಣ ತೆತ್ತು ಪತ್ರವನ್ನಷ್ಟೆ ಕೊಂಡರು. ಇನ್ನು ಕೆಲವರು ಸೆರೆಯಲ್ಲಿ ದೀರ್ಘಕಾಲ ಚಿತ್ರಹಿಂಸೆ ಅನುಭವಿಸಿ, ದೇಹ ತಾಳಲಾರದೆ ಕಡೆಗೆ ಬಿದ್ದರು.

ಹಿಂಸೆ ತಗ್ಗಿದ ಮೇಲೆ ಇವರೆಲ್ಲರೂ ಅಳುತ್ತ ದೇವಾಲಯದ ಬಾಗಿಲಿಗೆ ಬಂದರು. ಏನು ಮಾಡುವುದು? ಇವರಿಗೆ ಇಹದಲ್ಲಿ ಸಂಧಾನವೇ ಇಲ್ಲವೆಂದು ರೋಮಿನ ನೊವೇಷಿಯನನು ಹಟ ಹಿಡಿದನು. ಎಲ್ಲರನ್ನೂ ಒಡನೆಯೇ ಒಳಗೆ ಬಿಟ್ಟುಕೊಳ್ಳಿರೆಂದು ಬೇರೆ ಕೆಲವರು ಒತ್ತಾಯಿಸಿದರು. 251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಧರ್ಮಾಧ್ಯಕ್ಷರು ಎರಡನ್ನೂ ಒಪ್ಪಲಿಲ್ಲ. ಒಬ್ಬೊಬ್ಬನ ಸಂದರ್ಭವನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕೆಂದು ಅವರು ನಿರ್ಣಯಿಸಿದರು. ಚಿತ್ರಹಿಂಸೆಯಲ್ಲಿ ಬಿದ್ದು ಮೂರು ವರ್ಷ ಪ್ರಾಯಶ್ಚಿತ್ತದಲ್ಲಿದ್ದ ಮೂವರ ವಿಷಯ ಮುಂದೆ ಬಂದಾಗ, ಅವರನ್ನು ಬೀಳಿಸಿದುದು ಮನಸ್ಸಲ್ಲ, ನೋವು ಎಂಬುದನ್ನು ಮನಗಂಡ ಸಿಪ್ರಿಯನರು ಅವರಿಗೆ ಶಾಂತಿ ದೊರೆಯಬಹುದೆಂದು ಅಭಿಪ್ರಾಯಪಟ್ಟರು. ಸ್ವತಃ ಅವರು 258ರಲ್ಲಿ ರಕ್ತಸಾಕ್ಷಿಯಾದರು.

ನಮ್ಮ ದೃಷ್ಟಿಯಲ್ಲಿ ಇದು ಬಹು ದೊಡ್ಡ ತೀರ್ಪು. ತಾನಾಗಿ ಓಡಿಬಂದವನ ಕೃತ್ಯವೂ ಕೊರಡೆಯ ಕೆಳಗೆ ಬಾಗಿದವನ ಕೃತ್ಯವೂ ಹೊರನೋಟಕ್ಕೆ ಒಂದೇ. ಸ್ವಾತಂತ್ರ್ಯವಿದ್ದಷ್ಟೇ ಹೊಣೆಯೂ ಎಂಬುದರಿಂದ ಅವು ಒಂದಲ್ಲ. ಭಯ, ಬಲಾತ್ಕಾರ, ಅಜ್ಞಾನ, ರೂಢಿಬಲಗಳು ಹೊಣೆಯನ್ನು ಕಡಿಮೆ ಮಾಡಬಹುದು, ಇಲ್ಲವೆನಿಸಲೂಬಹುದು ಎಂದು 1992ರ ಧರ್ಮೋಪದೇಶ ಗ್ರಂಥವು ಹೇಳುವಾಗ ಹೊಸತೇನನ್ನೂ ಹೇಳುತ್ತಿಲ್ಲ. ಹಾಗೆಂದು ಎಲ್ಲವನ್ನೂ ವಿಧಿಯ ತಲೆಗೆ ಕಟ್ಟುವಂತೆಯೂ ಇಲ್ಲ. "ನಾನು ಮಾಡಿದೆ" ಎನ್ನಲಾರದವನಿಗೆ "ಕ್ಷಮಿಸಿ" ಎನ್ನುವ ಬಾಯಿ ಎಲ್ಲಿಂದ ಬರಬೇಕು?

ಮುಂದಿನದನ್ನು ಬೇಗ ಹೇಳುತ್ತೇವೆ. ಪ್ರಾಯಶ್ಚಿತ್ತಪಡುವವರ ಪಾಪಗಳನ್ನು ಬರೆದು ಜನರೆದುರು ಓದುವ ಪದ್ಧತಿಯನ್ನು ಜಗದ್ಗುರು ಮಹಾ ಲಿಯೊ 459ರಲ್ಲಿ ನಿಷೇಧಿಸಿದರು. ಐರ್ಲೆಂಡಿನ ಸನ್ಯಾಸಿಗಳಿಂದ ಏಕಾಂತ ನಿವೇದನೆ ಯೂರೋಪಿನಲ್ಲಿ ಹರಡಿತು. ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ಮಾನವನ ಚಿತ್ತ ಬಂಧಿತವೆಂದು 1525ರಲ್ಲಿ ಲೂಥರನು ಎರಾಸ್ಮಸನಿಗೆ ಉತ್ತರವಾಗಿ ಬರೆದನು. ಆದಮನ ಪತನದಿಂದ ಚಿತ್ತಸ್ವಾತಂತ್ರ್ಯ ದುರ್ಬಲವಾಯಿತೇ ಹೊರತು ಅಳಿಯಲಿಲ್ಲವೆಂದು 1547ರಲ್ಲಿ ಟ್ರೆಂಟ್ ಮಹಾಸಭೆ ಬೋಧಿಸಿತು. 1551ರಲ್ಲಿ ಅದೇ ಸಭೆ ಪ್ರಾಯಶ್ಚಿತ್ತ ಸಂಸ್ಕಾರವನ್ನು ವಿವರಿಸಿತು. (ದೈವಕೃಪೆಯ ಈ ಜಗಳದಲ್ಲಿ ಬಹುಭಾಗ 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಲೂಥರನ್ನರೊಡನೆ ಸಹಿಯಾದ ಘೋಷಣೆಯಿಂದ ಶಮನವಾಯಿತೆಂಬುದು ಸಂತೋಷದ ಸಂಗತಿ.) ಗುರುವಿಗೂ ನಿವೇದಿಸುವವನಿಗೂ ನಡುವೆ ಜಾಲರಿಯಿಟ್ಟ ಪೀಠವನ್ನು ಮಿಲಾನಿನಲ್ಲಿ ರೂಢಿಗೆ ತಂದವರು ಸಂತ ಚಾರ್ಲ್ಸ್ ಬೊರೊಮಿಯೊ.

ಸ್ವಾತಂತ್ರ್ಯಕ್ಕೆ ಗುರುಗಳಿಂದಲೇ ಭಂಗ ಬರಬಹುದೆಂಬುದನ್ನೂ ಧರ್ಮಸಭೆ ಬಲ್ಲದು. ಪಾಪದಲ್ಲಿ ಜೊತೆಯಾದವರ ಹೆಸರು ಹೇಳೆಂದು ಪೀಡಿಸುವ ಗುರುಗಳನ್ನು ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು 1745ರಲ್ಲಿ ಖಂಡಿಸಿದರು. 1983ರ ಕಾನೂನು ಸಂಹಿತೆಯೂ ಆ ಹೆಸರು ಕೇಳಕೂಡದೆನ್ನುತ್ತದೆ. ಅಧಿಕಾರ ಪಡೆದ ಗುರುಗಳಲ್ಲಿ ತನಗೆ ಬೇಕಾದವರ ಬಳಿ ನಿವೇದಿಸಲು ಪ್ರತಿಯೊಬ್ಬ ವಿಶ್ವಾಸಿಗೂ ಸ್ವಾತಂತ್ರ್ಯವಿದೆಯೆಂದೂ ಅದರ 991ನೆಯ ವಿಧಿ ಸಾರುತ್ತದೆ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಗುರುದೀಕ್ಷೆ ಪಡೆದ ಮೊದಲ ವರ್ಷಗಳಲ್ಲಿ, ಸೆಮಿನರಿಯ ನೀತಿಶಾಸ್ತ್ರ ತಲೆಯಲ್ಲಿ ಬಿಸಿಯಾಗಿದ್ದಾಗ, ಬಹಳ ವರ್ಷಗಳ ಮೇಲೆ ಬಂದ ಒಬ್ಬ ಹಿರಿಯರಿಗೆ "ಇಷ್ಟು ದಿನ ಎಲ್ಲಿದ್ದಿರಿ?" ಎಂದು ಗದರಿದೆವು. ಅವರು ಮೆಲ್ಲನೆ ಎದ್ದುಹೋದರು. ಕಾರ್ಥೇಜಿನ ಧರ್ಮಾಧ್ಯಕ್ಷರು ಕೇಳಿದ ಪ್ರಶ್ನೆಯನ್ನು, ಈತನಿಗೆ ಏನಾಗಿತ್ತು ಎಂಬುದನ್ನು, ಅಂದು ನಾವು ಕೇಳಲಿಲ್ಲ. ಅವರು ಮತ್ತೆ ನಮ್ಮ ಬಳಿ ಬರಲಿಲ್ಲ.

ಆದುದರಿಂದ ಶತಮಾನೋತ್ಸವದ ವಾರವಿಡೀ ಸಂಜೆ ಬಲಿಪೂಜೆಗೆ ಮುನ್ನ ಹೊರಗಿನ ಇಬ್ಬರು ಗುರುಗಳು ಪಾಪನಿವೇದನೆ ಕೇಳಲು ಕುಳಿತಿರುತ್ತಾರೆ. ಪಕ್ಕದ ಬಾಗಿಲ ಹಳೆಯ ಪೀಠದಲ್ಲಿ ನಾವಿರುತ್ತೇವೆ. ಯಾರ ಬಳಿಗೆ ಹೋಗುವಿರೆಂಬುದು ನಿಮ್ಮ ಇಚ್ಛೆ.